ಯಂತ್ರಕ್ಕೆ ಯಾವ ಆಯಿಲ್? ಡಬ್ಬಿಯ ಮೇಲಿನ ಅಕ್ಷರ ನೋಡಿ ಹಾಕಿ



ಕಲಘಟಗಿ ತಾಲ್ಲೂಕಿನ ಹಳ್ಳಿಗಳಿಗೆ ಚಿಕಿತ್ಸೆಗೆಂದು ಹೋದಾಗ ಕೊಟ್ಟಿಗೆಯಲ್ಲಿ ಆಕಳು, ಎಮ್ಮೆಗಳ ಜೊತೆಗೆ ಈಗ ಸಣ್ಣ ಎಂಜಿನ್‌ಗಳೂ ಕಾಣುತ್ತವೆ. ಬದುವಿನ ಹುಲ್ಲು ಕೊಯ್ಯಲು ಬ್ರಷ್ ಕಟರ್, ಕಣಕಿ ಮತ್ತು ಗೋವಿನಜೋಳದ ದಂಟು ಕತ್ತರಿಸಲು ಪೆಟ್ರೋಲ್ ಎಂಜಿನ್ ಜೋಡಿಸಿದ ಮೇವಿನ ಯಂತ್ರ, ಕರೆಂಟ್ ಹೋದರೆ ಹಾಲು ಕರೆಯುವ ಯಂತ್ರ ನಡೆಸಲು ಎಂಜಿನ್ ಅಥವಾ ಜನರೇಟರ್, ಡೇರಿಗೆ ಹಾಲು ಒಯ್ಯಲು ಸ್ಕೂಟರ್. ದನಕ್ಕೆ ಔಷಧಿ ಬರೆದು ಹೊರಡುವಾಗ "ಇದಕ್ಕ ಯಾವ ಆಯಿಲ್ ಹಾಕಬೇಕ್ರಿ?" ಎಂಬ ಪ್ರಶ್ನೆಯೂ ಬರುತ್ತದೆ.

ಎಂಜಿನ್ ಆಯಿಲ್ ಬಗ್ಗೆ ಪಶುವೈದ್ಯರು ಬರೆಯುವುದೇಕೆ ಎಂದು ನಿಮಗೆ ಅನಿಸಬಹುದು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಸಂಜೆ ಹಾಲು ಕರೆಯುವ ಹೊತ್ತಿಗೆ ಎಂಜಿನ್ ನಿಂತರೆ ತೊಂದರೆ ಆಕಳ ಕೆಚ್ಚಲಿಗೆ ಬರುತ್ತದೆ. ಎರಡನೆಯದು, ಎಂಜಿನ್‌ನಿಂದ ತೆಗೆದ ಹಳೆಯ ಆಯಿಲ್ ಕೊಟ್ಟಿಗೆಯಲ್ಲಿ ಉಳಿದರೆ ಅದು ದನಕ್ಕೆ ವಿಷ. ಆದ್ದರಿಂದ ಸರಿಯಾದ ಆಯಿಲ್ ಆರಿಸುವುದು, ಸಮಯಕ್ಕೆ ಬದಲಿಸುವುದು, ಹಳೆಯದನ್ನು ದೂರ ಇಡುವುದು ಈ ಮೂರೂ ಹೈನುಗಾರಿಕೆಯ ಕೆಲಸಗಳೇ.

ಆಯಿಲ್ ಮಾಡುವ ಕೆಲಸ

ಚಕ್ಕಡಿಯ ಗಾಲಿಗೆ ಕೀಲೆಣ್ಣೆ ಹಾಕದಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತು. ಎಂಜಿನ್‌ನ ಒಳಗೆ ಪಿಸ್ಟನ್ ಒಂದು ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಓಡುತ್ತದೆ. ಲೋಹಕ್ಕೆ ಲೋಹ ತಾಗದಂತೆ ನಡುವೆ ತೆಳುವಾದ ಎಣ್ಣೆಯ ಪದರ ಇರಬೇಕು. ಅದೇ ಎಣ್ಣೆ ಬಿಸಿಯನ್ನು ಹೊತ್ತೊಯ್ಯುತ್ತದೆ, ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಒಳಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಕಾರಿನ ಎಂಜಿನ್‌ಗೆ ನೀರಿನ ರೇಡಿಯೇಟರ್ ಇರುತ್ತದೆ. ನಿಮ್ಮ ಮೇವಿನ ಯಂತ್ರದ ಸಣ್ಣ ಎಂಜಿನ್‌ಗೆ ಅದಿಲ್ಲ, ಗಾಳಿ ಮತ್ತು ಆಯಿಲ್ ಮಾತ್ರ ಅದನ್ನು ತಂಪು ಮಾಡಬೇಕು. ಹಾಗಾಗಿ ಸಣ್ಣ ಎಂಜಿನ್‌ಗೆ ಯಾವುದಾದರೂ ನಡೆಯುತ್ತದೆ ಎಂಬ ಮಾತು ಸರಿಯಲ್ಲ.

ಡಬ್ಬಿಯ ಮೇಲಿನ ಸಂಖ್ಯೆ: ಎಣ್ಣೆ ಎಷ್ಟು ದಪ್ಪ?

ಡಿಸೆಂಬರ್ ಮುಂಜಾನೆ ತುಪ್ಪ ಡಬ್ಬಿಯಲ್ಲಿ ಗಟ್ಟಿಯಾಗಿರುತ್ತದೆ, ಒಲೆಯ ಪಕ್ಕ ಇಟ್ಟರೆ ನೀರಿನಂತೆ ಹರಿಯುತ್ತದೆ. ಎಂಜಿನ್ ಆಯಿಲ್ ಅಷ್ಟು ಗಟ್ಟಿಯಾಗದಿದ್ದರೂ ಅದರ ಗುಣ ಇಂಥದ್ದೇ, ಚಳಿಗೆ ದಪ್ಪವಾಗುತ್ತದೆ, ಬಿಸಿಗೆ ತೆಳುವಾಗುತ್ತದೆ. ತೀರಾ ದಪ್ಪವಾದರೆ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಎಲ್ಲ ಕಡೆ ಮುಟ್ಟುವುದಿಲ್ಲ. ತೀರಾ ತೆಳುವಾದರೆ ಬಿಸಿ ಎಂಜಿನ್‌ನಲ್ಲಿ ಎಣ್ಣೆಯ ಪದರ ಹರಿದುಹೋಗುತ್ತದೆ.

ಈ ದಪ್ಪವನ್ನು ಹೇಳುವುದು ಎಸ್‌ಎಇ ಎಂಬ ಅಕ್ಷರಗಳ ಮುಂದಿನ ಸಂಖ್ಯೆ. ಉದಾಹರಣೆಗೆ 10ಡಬ್ಲ್ಯೂ-30. ಇಲ್ಲಿ ಡಬ್ಲ್ಯೂ ಎಂದರೆ ಚಳಿಗಾಲದ ಅಳತೆ. ಅದರ ಹಿಂದಿನ ಸಂಖ್ಯೆ ಚಿಕ್ಕದಿದ್ದಷ್ಟೂ ತಣ್ಣಗಿದ್ದಾಗ ಎಣ್ಣೆ ಸುಲಭವಾಗಿ ಹರಿಯುತ್ತದೆ. ಗೆರೆಯ ನಂತರದ 30 ಎಂಬುದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಣ್ಣೆ ಎಷ್ಟು ದಪ್ಪ ಉಳಿಯುತ್ತದೆ ಎಂಬುದರ ಅಳತೆ. 40 ಅದಕ್ಕಿಂತ ದಪ್ಪ, 50 ಇನ್ನೂ ದಪ್ಪ. ಬರೀ "ಎಸ್‌ಎಇ 30" ಎಂದಿದ್ದರೆ ಅದು ಒಂದೇ ದರ್ಜೆಯ ಎಣ್ಣೆ.

ನಮ್ಮ ಕಲಘಟಗಿ ಮಲೆನಾಡಿನ ಅಂಚಿನಲ್ಲಿದೆ, ಮಳೆ ಚಳಿ ತುಸು ಹೆಚ್ಚು. ನವಲಗುಂದ, ಅಣ್ಣಿಗೇರಿ ಕಡೆ ಬೇಸಿಗೆಯ ಬಿಸಿಲು ಜೋರು. ಆದರೂ ಎರಡೂ ಕಡೆ ಎಣ್ಣೆ ಹೆಪ್ಪುಗಟ್ಟುವಷ್ಟು ಚಳಿ ಇಲ್ಲ. ಹಾಗಾಗಿ ಯಂತ್ರದ ಪುಸ್ತಕದಲ್ಲಿ ಯಾವ ಸಂಖ್ಯೆ ಬರೆದಿದೆಯೋ ಅದನ್ನೇ ವರ್ಷವಿಡೀ ಹಾಕಬಹುದು. "ಬ್ಯಾಸಗಿಗೆ ದಪ್ಪದ್ದು ಹಾಕ್ರಿ" ಎಂದು ಯಾರೋ ಹೇಳಿದರೆಂದು ಬದಲಿಸಬೇಡಿ. ಬೇಸಿಗೆಗೆ ಬೇರೆ ದರ್ಜೆ ಬೇಕಿದ್ದರೆ ಅದನ್ನೂ ಪುಸ್ತಕದಲ್ಲಿ ಹೇಳಿರುತ್ತಾರೆ.

ಟ್ರ್ಯಾಕ್ಟರ್‌ಗೆ ತಂದ ಗೇರ್ ಆಯಿಲ್ ಡಬ್ಬಿಯ ಮೇಲೆ 90 ಎಂದಿರುತ್ತದೆ. ಆ 90 ಬೇರೆಯೇ ಅಳತೆ, ಎಂಜಿನ್ ಆಯಿಲ್‌ನ 30, 40ರ ಜೊತೆ ಅದನ್ನು ಹೋಲಿಸಲು ಬರುವುದಿಲ್ಲ. ಗೇರ್ ಆಯಿಲ್, ಹೈಡ್ರಾಲಿಕ್ ಆಯಿಲ್ ಎರಡನ್ನೂ ಎಂಜಿನ್‌ಗೆ ಹಾಕಬಾರದು.

ಡಬ್ಬಿಯ ಮೇಲಿನ ಅಕ್ಷರ: ಯಾವ ಎಂಜಿನ್‌ಗೆ, ಯಾವ ಗುಣಮಟ್ಟ?

ಸಂಖ್ಯೆಯಷ್ಟೇ ಮುಖ್ಯವಾದದ್ದು ಎಪಿಐ ಎಂಬ ಮೂರಕ್ಷರದ ಮುಂದೆ ಇರುವ ಗುರುತು. ಇದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಮಾಡಿದ ದರ್ಜೆ, ನಮ್ಮ ದೇಶದ ಡಬ್ಬಿಗಳ ಮೇಲೂ ಇದನ್ನೇ ಮುದ್ರಿಸುತ್ತಾರೆ. ಗುರುತು "ಎಸ್" ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಎಂಜಿನ್‌ಗೆ, "ಸಿ" ಅಕ್ಷರದಿಂದ ಶುರುವಾದರೆ ಡೀಸೆಲ್ ಎಂಜಿನ್‌ಗೆ.

"ಎಸ್" ನಂತರದ ಅಕ್ಷರ ಇಂಗ್ಲಿಷ್ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಎಣ್ಣೆ ಹೊಸ ದರ್ಜೆಯದು. ಎಸ್‌ಜೆ, ಎಸ್‌ಎಲ್, ಎಸ್‌ಎಂ, ಎಸ್‌ಎನ್, ಎಸ್‌ಪಿ ಎಂದು ಸಾಲು ಹೋಗುತ್ತದೆ. ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ ಬಂದವು. ನಿಮ್ಮ ಪುಸ್ತಕದಲ್ಲಿ "ಎಸ್‌ಜೆ ಅಥವಾ ನಂತರದ್ದು" ಎಂದಿದ್ದರೆ ಎಸ್‌ಎಲ್ ಅಥವಾ ಎಸ್‌ಎನ್ ಹಾಕಬಹುದು. ಆದರೆ ಎಸ್‌ಎಫ್, ಎಸ್‌ಜಿ ಅದಕ್ಕಿಂತ ಹಳೆಯ ದರ್ಜೆಗಳು, ಅಗ್ಗಕ್ಕೆ ಸಿಕ್ಕರೂ ಬೇಡ.

ಮನೆಯಲ್ಲಿ ಟ್ರ್ಯಾಕ್ಟರ್‌ಗೆ ತಂದ ಆಯಿಲ್ ಉಳಿದಿರುತ್ತದೆ, ಅದನ್ನೇ ಮೇವಿನ ಯಂತ್ರಕ್ಕೆ ಸುರಿಯುವ ರೂಢಿ ಇದೆ. ಆ ಡಬ್ಬಿಯ ಮೇಲೆ ಬರೀ "ಸಿ" ಗುರುತು ಇದ್ದರೆ ಅದು ಡೀಸೆಲ್ ಎಂಜಿನ್‌ನ ಎಣ್ಣೆ, ಪೆಟ್ರೋಲ್ ಎಂಜಿನ್‌ಗೆ ಬಳಸಬೇಡಿ. ಕೆಲವು ಡಬ್ಬಿಗಳ ಮೇಲೆ ಎಸ್ ಮತ್ತು ಸಿ ಎರಡೂ ಗುರುತು ಇರುತ್ತವೆ. ಅಲ್ಲಿರುವ ಎಸ್ ದರ್ಜೆ ಮತ್ತು ಸಂಖ್ಯೆ ಎರಡೂ ನಿಮ್ಮ ಪುಸ್ತಕಕ್ಕೆ ಹೊಂದಿದರೆ ಮಾತ್ರ ಹಾಕಬಹುದು.

ಈ ಅಕ್ಷರಗಳೆಲ್ಲ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಸಣ್ಣದಾಗಿ ಇರುತ್ತವೆ. ಓದಲು ಕಷ್ಟವಾದರೆ ಶಾಲೆಗೆ ಹೋಗುವ ಮಗ ಅಥವಾ ಮಗಳಿಂದ ಯಂತ್ರದ ಪುಸ್ತಕದಲ್ಲಿರುವುದನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ದನದ ಔಷಧಿ ತರುವಾಗ ಚೀಟಿ ತೋರಿಸುವಂತೆ ಆಯಿಲ್ ತರುವಾಗಲೂ ಚೀಟಿ ತೋರಿಸಿ. ಬಣ್ಣ ನೋಡಿ, ಬೆರಳಿಗೆ ಹಚ್ಚಿ ನೋಡಿ ಎಣ್ಣೆಯ ದರ್ಜೆ ತಿಳಿಯುವುದಿಲ್ಲ.

ಒಂದೊಂದು ಯಂತ್ರಕ್ಕೆ ಒಂದೊಂದು ಎಣ್ಣೆ

*ಬ್ರಷ್ ಕಟರ್:* ಇದರಲ್ಲಿ ಎರಡು ಜಾತಿ ಇವೆ, ಮೊದಲು ನಿಮ್ಮದು ಯಾವುದೆಂದು ತಿಳಿಯಿರಿ. ಎರಡು ಮುಚ್ಚಳ ಇದ್ದು, ಒಂದು ಪೆಟ್ರೋಲ್‌ಗೆ, ಇನ್ನೊಂದು ಆಯಿಲ್‌ಗೆ ಎಂದಿದ್ದರೆ ಅದು ಫೋರ್ ಸ್ಟ್ರೋಕ್. ಆಯಿಲ್‌ಗೆ ಬೇರೆ ಮುಚ್ಚಳವೇ ಇಲ್ಲದಿದ್ದರೆ ಅದು ಟೂ ಸ್ಟ್ರೋಕ್, ಅದಕ್ಕೆ ಪೆಟ್ರೋಲ್‌ನಲ್ಲೇ ಟೂಟಿ ಆಯಿಲ್ ಬೆರೆಸಿ ಹಾಕಬೇಕು.

ಟೂ ಸ್ಟ್ರೋಕ್‌ಗೆ ಬೆರೆಸುವ ಪ್ರಮಾಣ ಪುಸ್ತಕದಲ್ಲಿರುತ್ತದೆ. 50:1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲ್‌ಗೆ 20 ಮಿಲಿ, 25:1 ಎಂದಿದ್ದರೆ 40 ಮಿಲಿ. ಕಣ್ಣಳತೆ ಬೇಡ, ಅಳತೆ ಗೆರೆ ಇರುವ ಬಾಟಲಿ ಬಳಸಿ. ಬೇರೆ ಡಬ್ಬಿಯಲ್ಲಿ ಬೆರೆಸಿ, ಚೆನ್ನಾಗಿ ಅಲುಗಾಡಿಸಿ, ನಂತರ ಟ್ಯಾಂಕ್‌ಗೆ ಹಾಕಿ. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಟೂ ಸ್ಟ್ರೋಕ್ ಎಂಜಿನ್‌ನ ಪಿಸ್ಟನ್ ಕೆಲವೇ ನಿಮಿಷಗಳಲ್ಲಿ ಕಚ್ಚಿಕೊಳ್ಳಬಹುದು. ಹಾಗೆಯೇ ಫೋರ್ ಸ್ಟ್ರೋಕ್ ಯಂತ್ರದ ಟ್ಯಾಂಕ್‌ಗೆ ಬೆರಕೆ ಪೆಟ್ರೋಲ್ ಹಾಕಿದರೆ ಹೊಗೆ ಬರುತ್ತದೆ, ಮಸಿ ಕಟ್ಟುತ್ತದೆ.

ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಎಥೆನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಬೆರಕೆ ಪೆಟ್ರೋಲ್ ತಿಂಗಳುಗಟ್ಟಲೆ ಇಟ್ಟರೆ ಕೆಡುತ್ತದೆ. ವಾರ ಎರಡು ವಾರಕ್ಕೆ ಬೇಕಾಗುವಷ್ಟೇ ಬೆರೆಸಿಕೊಳ್ಳಿ.

*ಮೇವಿನ ಯಂತ್ರ, ಹಾಲು ಕರೆಯುವ ಯಂತ್ರದ ಎಂಜಿನ್, ಜನರೇಟರ್:* ಇವು ಹೆಚ್ಚಾಗಿ ಫೋರ್ ಸ್ಟ್ರೋಕ್ ಎಂಜಿನ್‌ಗಳು. ನಮ್ಮಲ್ಲಿ ಬಹಳ ಕಡೆ ಕಾಣುವ ಹೋಂಡಾ ಜಿಎಕ್ಸ್ ಮಾದರಿಗಳಿಗೆ ಕಂಪನಿ ಹೇಳುವುದು ಎಸ್‌ಎಇ 10ಡಬ್ಲ್ಯೂ-30, ಎಪಿಐ ಎಸ್‌ಜೆ ಅಥವಾ ನಂತರದ್ದು. ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ ಕಂಪನಿಯ ಹಲವು ಸಣ್ಣ ಎಂಜಿನ್‌ಗಳಿಗೆ ಬಿಸಿ ಹವೆಯಲ್ಲಿ ಎಸ್‌ಎಇ 30 ಹೇಳುತ್ತಾರೆ. ಬಿಸಿಲಿನಲ್ಲಿ 10ಡಬ್ಲ್ಯೂ-30 ಹಾಕಿದರೆ ಆಯಿಲ್ ಬೇಗ ಕಡಿಮೆಯಾಗಬಹುದು, ಆಗಾಗ ನೋಡುತ್ತಿರಿ ಎಂದೂ ಆ ಕಂಪನಿ ತಿಳಿಸುತ್ತದೆ. ಪಕ್ಕದ ಮನೆಯ ಎಂಜಿನ್‌ಗೆ ಸರಿಹೋದದ್ದು ನಿಮ್ಮದಕ್ಕೂ ಸರಿ ಎನ್ನಲಾಗದು ಎಂಬುದಕ್ಕೆ ಇದೇ ಉದಾಹರಣೆ.

*ಸ್ಕೂಟರ್ ಮತ್ತು ಬೈಕ್:* ಇಲ್ಲಿ ಇನ್ನೊಂದು ಗುರುತು ನೋಡಬೇಕು, ಜಪಾನಿನ ಜಾಸೋ ದರ್ಜೆ. ಬೈಕಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ನೆನೆದಿರುತ್ತದೆ, ಅದು ಜಾರದಿರಲು ಜಾಸೋ ಎಂಎ ಅಥವಾ ಎಂಎ2 ಆಯಿಲ್ ಬೇಕು. ಗೇರ್ ಇಲ್ಲದ ಸ್ಕೂಟರ್‌ನ ಕ್ಲಚ್ ಒಣಗಿದ ಜಾಗದಲ್ಲಿರುತ್ತದೆ, ಅದಕ್ಕೆ ಎಂಬಿ ಆಯಿಲ್. ಹೋಂಡಾ ಆಕ್ಟಿವಾಗೆ 10ಡಬ್ಲ್ಯೂ-30 ಜಾಸೋ ಎಂಬಿ ಎಂದು ಕಂಪನಿ ಹೇಳುತ್ತದೆ. ಸ್ಕೂಟರ್‌ಗೆ ತಂದ ಎಂಬಿ ಆಯಿಲನ್ನು ಯಜಮಾನರ ಬೈಕಿಗೆ ಹಾಕಿದರೆ ಕ್ಲಚ್ ಜಾರಬಹುದು.

*ಹಾಲು ಕರೆಯುವ ಯಂತ್ರದ ವ್ಯಾಕ್ಯೂಮ್ ಪಂಪ್:* ಇದು ಎಂಜಿನ್‌ನಿಂದ ಬೇರೆಯಾದ ಭಾಗ. ಎಣ್ಣೆ ಬಟ್ಟಲು ಇರುವ ಪಂಪ್‌ಗೆ ಯಂತ್ರ ಕೊಟ್ಟ ಕಂಪನಿ ಹೇಳಿದ ವ್ಯಾಕ್ಯೂಮ್ ಪಂಪ್ ಆಯಿಲ್ ಮಾತ್ರ ಹಾಕಿ. ಎಣ್ಣೆ ಬೇಡದ ಒಣ ಪಂಪ್‌ಗಳೂ ಇವೆ, ಅವಕ್ಕೆ ಒಂದು ಹನಿಯೂ ಬಿಡಬಾರದು.

ಎಂಜಿನ್ ಕೆಟ್ಟರೆ ಕೆಚ್ಚಲಿಗೆ ಏನು?

ಹಾಲು ಕರೆಯುವ ಯಂತ್ರದ ನಿರ್ವಾತ ಆಕಳಿಗೆ ಸಾಮಾನ್ಯವಾಗಿ 42ರಿಂದ 50 ಕಿಲೋಪ್ಯಾಸ್ಕಲ್ ನಡುವೆ, ಒಂದೇ ಸಮ ಇರಬೇಕು. ಎಂಜಿನ್ ಏರಿಳಿಯುತ್ತಾ ಓಡಿದರೆ ಅಥವಾ ಪಂಪ್ ಎಣ್ಣೆಯಿಲ್ಲದೆ ಸವೆದರೆ ಗೇಜ್‌ನ ಮುಳ್ಳು ಅಲುಗಾಡುತ್ತದೆ. ನಿರ್ವಾತ ಏರಿಳಿದಾಗ ಕಪ್ ಜಾರುತ್ತದೆ, ಒಂದು ಮೊಲೆಯ ಹಾಲು ಇನ್ನೊಂದು ಮೊಲೆಯ ತುದಿಗೆ ರಭಸವಾಗಿ ಬಡಿಯುತ್ತದೆ. ಹಾಲಿನ ಜೊತೆ ರೋಗಾಣುಗಳೂ ಒಳಸೇರುತ್ತವೆ. ನಿರ್ವಾತ ಕಡಿಮೆಯಾದರೆ ಹಾಲು ಪೂರ್ತಿ ಇಳಿಯುವುದಿಲ್ಲ, ಹೆಚ್ಚಾದರೆ ಮೊಲೆಯ ತುದಿ ಗಟ್ಟಿಯಾಗಿ ಬಿರಿಯುತ್ತದೆ. ಇವೆಲ್ಲ ಕೆಚ್ಚಲು ಬಾವಿಗೆ ದಾರಿ. ಕೆಚ್ಚಲು ಬಾವಿನ ಒಂದು ಸುತ್ತಿನ ಚಿಕಿತ್ಸೆ, ಆ ದಿನಗಳಲ್ಲಿ ಡೇರಿಗೆ ಹಾಕಲಾಗದ ಹಾಲು ಎರಡನ್ನೂ ಲೆಕ್ಕ ಹಾಕಿದರೆ ಒಂದು ಡಬ್ಬಿ ಆಯಿಲ್‌ನ ಖರ್ಚು ದೊಡ್ಡದೆನಿಸದು.

ಎಂಜಿನ್ ನಡುವೆಯೇ ನಿಂತರೆ ಮೊದಲು ನಿರ್ವಾತ ಬಿಡಿಸಿ, ಕಪ್‌ಗಳನ್ನು ಮೆಲ್ಲಗೆ ತೆಗೆಯಿರಿ. ಕೈ ತೊಳೆದು ಉಳಿದ ಹಾಲನ್ನು ಕೈಯಿಂದಲೇ ಕರೆಯಿರಿ. ರಿಪೇರಿ ಆಗಲೆಂದು ಕಾಯುತ್ತಾ ಆಕಳನ್ನು ಕರೆಯದೇ ಬಿಡಬೇಡಿ.

ಎಷ್ಟು ಹಾಕಬೇಕು, ಯಾವಾಗ ಬದಲಿಸಬೇಕು?

ಯಂತ್ರವನ್ನು ಸಮತಟ್ಟಾದ ಜಾಗದಲ್ಲಿಡಿ. ಎಂಜಿನ್ ನಿಲ್ಲಿಸಿ ಕೆಲವು ನಿಮಿಷ ಬಿಡಿ. ಅಳತೆ ಕಡ್ಡಿಯನ್ನು ಒರೆಸಿ ಅದ್ದಿ ನೋಡಿ. ಹೋಂಡಾ ಜಿಎಕ್ಸ್160ರಂಥ ಎಂಜಿನ್‌ನಲ್ಲಿ ಕಡ್ಡಿಯನ್ನು ತಿರುವದೆ ಸುಮ್ಮನೆ ಇಳಿಬಿಟ್ಟು ನೋಡಬೇಕು, ಬೇರೆ ಯಂತ್ರದಲ್ಲಿ ಕ್ರಮ ಬೇರೆ ಇರಬಹುದು. ಆಯಿಲ್ ಕಡಿಮೆಯಾದರೆ ಎಂಜಿನ್ ಕಚ್ಚಿಕೊಳ್ಳುತ್ತದೆ. ಮೇಲಿನ ಗೆರೆ ದಾಟಿ ತುಂಬಿದರೂ ಕೇಡು, ಎಣ್ಣೆ ನೊರೆಯಾಗಿ ಹೊಗೆ ಬರುತ್ತದೆ. ಆಯಿಲ್ ಕಡಿಮೆಯಾದಾಗ ತಾನೇ ನಿಲ್ಲುವ ವ್ಯವಸ್ಥೆ ಕೆಲವು ಜನರೇಟರ್‌ಗಳಲ್ಲಿದೆ. ಪೆಟ್ರೋಲ್ ಇದ್ದೂ ಸ್ಟಾರ್ಟ್ ಆಗದಿದ್ದರೆ ಮೊದಲು ಆಯಿಲ್ ನೋಡಿ.

ಜಿಎಕ್ಸ್160 ಎಂಜಿನ್ ಹಿಡಿಯುವುದು ಸುಮಾರು 600 ಮಿಲಿ. ಹೋಂಡಾದ ಜಿಎಕ್ಸ್35 ಬ್ರಷ್ ಕಟರ್ ಹಿಡಿಯುವುದು ಬರೀ 100 ಮಿಲಿ, ಚಹಾದ ಒಂದು ಸಣ್ಣ ಲೋಟದಷ್ಟು. ಇಷ್ಟು ಕಡಿಮೆ ಎಣ್ಣೆಯಲ್ಲಿ ಸ್ವಲ್ಪ ಸೋರಿದರೂ ಉಳಿಯುವುದು ಅಲ್ಪ, ಆದ್ದರಿಂದ ಪ್ರತಿ ಸಲ ಸ್ಟಾರ್ಟ್ ಮಾಡುವ ಮುಂಚೆ ನೋಡಬೇಕು. ಒಂದು ಲೀಟರ್ ಡಬ್ಬಿಯಿಂದ ಹತ್ತು ಸಲ ಬದಲಿಸಬಹುದು. ಒಂದೇ ಮಾದರಿ ಇರುವ ನಾಲ್ಕಾರು ಸದಸ್ಯೆಯರು ಕೂಡಿ ಒಂದು ಡಬ್ಬಿ ತಂದು ಹಂಚಿಕೊಂಡರೆ ಉಳಿತಾಯ.

ಹೊಸ ಜಿಎಕ್ಸ್160ಗೆ ಮೊದಲ ತಿಂಗಳಲ್ಲಿ ಅಥವಾ 20 ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಬೇಕು. ನಂತರ 6 ತಿಂಗಳು ಅಥವಾ 100 ಗಂಟೆ, ಯಾವುದು ಮೊದಲೋ ಅದು. ಜಿಎಕ್ಸ್35ಕ್ಕೆ ಮೊದಲು 10 ಗಂಟೆ, ನಂತರ 50 ಗಂಟೆ. "ಆರು ತಿಂಗಳು" ಎಂಬುದನ್ನಷ್ಟೇ ನೆನಪಿಟ್ಟರೆ ಸಾಲದು. ಮೇವಿನ ಯಂತ್ರ ದಿನಕ್ಕೆ ಒಂದು ಗಂಟೆ ಓಡಿದರೆ 100 ಗಂಟೆ ಮೂರು ತಿಂಗಳು ಹತ್ತು ದಿನಕ್ಕೇ ಮುಗಿಯುತ್ತದೆ. ಹಾಲಿನ ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ ಅಥವಾ ಗೋಡೆಯ ಕ್ಯಾಲೆಂಡರ್‌ನಲ್ಲಿ ಆಯಿಲ್ ಬದಲಿಸಿದ ದಿನ, ಓಡಿದ ಗಂಟೆ ಗುರುತು ಹಾಕಿ.

ಮೇವು ಕತ್ತರಿಸುವಾಗ ಏಳುವ ಧೂಳು ಏರ್ ಫಿಲ್ಟರ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ಹರಿದಿದ್ದರೆ ಧೂಳು ಒಳಹೋಗಿ ಆಯಿಲ್‌ಗೆ ಸೇರುತ್ತದೆ. ಎಷ್ಟೇ ಒಳ್ಳೆಯ ಆಯಿಲ್ ಇದ್ದರೂ ಆಗ ಅದು ಉಜ್ಜುವ ಮರಳಿನಂತಾಗುತ್ತದೆ. ಧೂಳು ಹೆಚ್ಚಿರುವ ಕೆಲಸದಲ್ಲಿ ಫಿಲ್ಟರನ್ನು ಬೇಗಬೇಗ ಸ್ವಚ್ಛ ಮಾಡಿ.

ಕೊಳ್ಳುವಾಗ ಸೀಲ್ ಒಡೆಯದ ಡಬ್ಬಿಯನ್ನೇ ತೆಗೆದುಕೊಳ್ಳಿ. ತಯಾರಿಸಿದ ತಿಂಗಳು, ಬ್ಯಾಚ್ ಸಂಖ್ಯೆ, ಬೆಲೆ ಅಚ್ಚಾಗಿರುವುದನ್ನು ನೋಡಿ, ಬಿಲ್ ಕೇಳಿ. ಸಡಿಲು ಆಯಿಲ್ ಬೇಡ.

ಹಳೆಯ ಆಯಿಲ್: ದನಕ್ಕೆ ಹಚ್ಚಬೇಡಿ

ಇದು ನಾನು ಬಹಳ ಒತ್ತಿ ಹೇಳಬೇಕಾದ ಮಾತು. ಉಣ್ಣೆ, ಹೇನು, ಕಜ್ಜಿ, ಗಾಯದ ಹುಳು ಹೋಗಲೆಂದು ದನದ ಮೈಗೆ ಎಂಜಿನ್‌ನ ಕರಿ ಆಯಿಲ್ ಹಚ್ಚುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಎಂಜಿನ್‌ನಲ್ಲಿ ಸುಟ್ಟ ಆಯಿಲ್‌ನಲ್ಲಿ ಲೋಹದ ಪುಡಿ, ಮಸಿ, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳು ಸೇರಿರುತ್ತವೆ. ಅದು ಚರ್ಮವನ್ನು ಸುಡುತ್ತದೆ, ಚರ್ಮದ ಮೂಲಕ ಒಳಗೂ ಇಳಿಯುತ್ತದೆ. ಆಕಳು ಮೈ ನೆಕ್ಕಿಕೊಳ್ಳುತ್ತದೆ, ಕರು ತಾಯಿಯನ್ನು ನೆಕ್ಕುತ್ತದೆ. ಕೆಚ್ಚಲಿಗೆ ತಾಗಿದರೆ ಹಾಲಿಗೂ ಬರುತ್ತದೆ. ಉಣ್ಣೆ, ಕಜ್ಜಿಗೆ ಸರಿಯಾದ ಔಷಧಿ ಪಶು ಆಸ್ಪತ್ರೆಯಲ್ಲಿದೆ, ಅದನ್ನು ಕೇಳಿ ಪಡೆಯಿರಿ.

ತೆರೆದ ಬುಟ್ಟಿಯಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಆಯಿಲ್ ಇಡಬೇಡಿ. ಕರುಗಳು ಕುತೂಹಲಕ್ಕೆ ಬಾಯಿ ಹಾಕುತ್ತವೆ. ಕುಡಿದ ದನ ಮೇವು ಬಿಡುತ್ತದೆ, ಹೊಟ್ಟೆ ಉಬ್ಬಬಹುದು, ಭೇದಿ ಆಗಬಹುದು. ಆಯಿಲ್ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಿ ಪ್ರಾಣಕ್ಕೇ ಕುತ್ತು. ಹಳೆಯ ಬ್ಯಾಟರಿಯ ಸೀಸ ಇನ್ನೂ ಅಪಾಯಕಾರಿ. ಅದನ್ನು ನೆಕ್ಕಿದ ದನಕ್ಕೆ ಕಣ್ಣು ಕಾಣದಂತಾಗುತ್ತದೆ, ಹಲ್ಲು ಕಡಿಯುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ.

ದನ ಆಯಿಲ್ ಅಥವಾ ಪೆಟ್ರೋಲ್ ಕುಡಿದಿದೆ ಎಂದು ಗೊತ್ತಾದರೆ ಗೊಟ್ಟದಿಂದ ಏನನ್ನೂ ಕುಡಿಸಬೇಡಿ, ಎಣ್ಣೆಯಾಗಲಿ ಮಜ್ಜಿಗೆಯಾಗಲಿ ಬೇಡ. ಕುಡಿಸುವಾಗಲೇ ಅದು ಶ್ವಾಸಕೋಶಕ್ಕೆ ಹೋಗುವ ಸಂಭವ ಹೆಚ್ಚು. ಮೈಗೆ ತಾಗಿದ್ದರೆ ಪಾತ್ರೆ ತೊಳೆಯುವ ಸೋಪು, ಬೆಚ್ಚಗಿನ ನೀರಿನಿಂದ ತೊಳೆಯಿರಿ. ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ ಅಥವಾ 1962 ಸಂಖ್ಯೆಗೆ ಕರೆ ಮಾಡಿ, ಈ ಕರೆಗೆ ಹಣವಿಲ್ಲ. ವೈದ್ಯರು ಹೇಳುವವರೆಗೆ ಆ ದನದ ಹಾಲನ್ನು ಡೇರಿಗೂ ಹಾಕಬೇಡಿ, ಮನೆಗೂ ಬಳಸಬೇಡಿ.

ಕೇಂದ್ರದ 2016ರ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಹಳ್ಳಕ್ಕೆ, ತಿಪ್ಪೆಗೆ, ಬಾವಿಯ ಪಕ್ಕ ಸುರಿಯಬೇಡಿ. ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ತುಂಬಿ, ಹಳೆಯ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರ್‌ಗೆ ಕೊಡಿ.

ಹಾಲು ಮತ್ತು ಎಣ್ಣೆ ದೂರ ದೂರ

ಹಾಲು ವಾಸನೆಯನ್ನು ಬೇಗ ಹೀರುತ್ತದೆ. ಪೆಟ್ರೋಲ್ ಡಬ್ಬಿ, ಆಯಿಲ್ ಡಬ್ಬಿಗಳನ್ನು ಹಾಲಿನ ಕ್ಯಾನ್ ಇಡುವ ಜಾಗದಲ್ಲಿ ಇಡಬೇಡಿ. ಎಂಜಿನನ್ನು ಕೊಟ್ಟಿಗೆಯ ಹೊರಗಿಟ್ಟು, ಹೊಗೆ ಒಳಗೆ ಬರದಂತೆ ನಡೆಸಿ. ಹಾಲಿನ ಕ್ಯಾನ್, ಹಾಲು ಅಳೆಯುವ ಪಾತ್ರೆಯನ್ನು ಆಯಿಲ್‌ಗೆ ಒಮ್ಮೆಯೂ ಬಳಸಬೇಡಿ. ಆಯಿಲ್ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆದ ಮೇಲೆಯೇ ಕೆಚ್ಚಲು ಮುಟ್ಟಿ. ಯಂತ್ರದ ರಬ್ಬರ್ ಲೈನರ್‌ಗೆ ಎಂಜಿನ್ ಆಯಿಲ್ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಅಂಥದ್ದನ್ನು ಬದಲಿಸಿ.

ಗೋಡೆಗೆ ಅಂಟಿಸಿಕೊಳ್ಳಲು

1. ಯಂತ್ರದ ಪುಸ್ತಕ ನೋಡಿ ಎಸ್‌ಎಇ ಸಂಖ್ಯೆ, ಎಪಿಐ ಅಕ್ಷರ ಚೀಟಿಯಲ್ಲಿ ಬರೆಸಿಕೊಳ್ಳಿ. ಪುಸ್ತಕ ಕಳೆದಿದ್ದರೆ ಯಂತ್ರದ ಮಾದರಿ ಸಂಖ್ಯೆಯ ಫೋಟೊ ಡೀಲರ್‌ಗೆ ತೋರಿಸಿ ಕೇಳಿ.
2. ಪೆಟ್ರೋಲ್ ಎಂಜಿನ್‌ಗೆ "ಎಸ್" ಗುರುತಿನ ಆಯಿಲ್.
3. ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ಎಂದು ಮುಚ್ಚಳ ನೋಡಿ ತಿಳಿಯಿರಿ.
4. ಪ್ರತಿ ಸಲ ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ಮಟ್ಟ ನೋಡಿ.
5. ಓಡಿದ ಗಂಟೆ ಬರೆದಿಡಿ, ಅವಧಿಗೆ ಸರಿಯಾಗಿ ಬದಲಿಸಿ.
6. ಹಳೆಯ ಆಯಿಲ್ ದನದ ಮೈಗೂ ಬೇಡ, ಕೊಟ್ಟಿಗೆಯಲ್ಲೂ ಬೇಡ.

ಮುಂದಿನ ಸಲ ಸಂಘದ ಸಭೆ ಸೇರಿದಾಗ ಯಾರ ಮನೆಯಲ್ಲಿ ಯಾವ ಯಂತ್ರ ಇದೆ, ಅದಕ್ಕೆ ಯಾವ ಆಯಿಲ್ ಬೇಕು ಎಂದು ಒಂದು ಪಟ್ಟಿ ಮಾಡಿ ಸಂಘದ ಕಚೇರಿಯಲ್ಲಿ ತೂಗುಹಾಕಿ. ಪೇಟೆಗೆ ಹೋಗುವವರು ಅದನ್ನು ನೋಡಿಕೊಂಡು ಹೋದರೆ ಎಲ್ಲರಿಗೂ ಸರಿಯಾದ ಡಬ್ಬಿ ಬರುತ್ತದೆ.